ಮಠಕ್ಕೆ ತಂದು ಬಿಟ್ಟರೆ ಮಗು ಸರಿಹೋದೀತೇ?



ಜೂನ್ ತಿಂಗಳು ಬಂತೆಂದರೆ ನಮ್ಮ ಮಠಗಳ ಪ್ರಸಾದ ನಿಲಯಗಳ ಮುಂದೆ ತಂದೆತಾಯಿಗಳು ಮಕ್ಕಳ ಕೈಹಿಡಿದು ನಿಲ್ಲುತ್ತಾರೆ. ಹೆಚ್ಚಿನವರು ಬಡತನದ ಕಾರಣಕ್ಕೆ, ಊರಲ್ಲಿ ಹೈಸ್ಕೂಲು ಇಲ್ಲದ ಕಾರಣಕ್ಕೆ, ಮಗು ನಾಲ್ಕು ಅಕ್ಷರ ಕಲಿಯಲಿ ಎಂಬ ಆಸೆಗೆ ಬಂದವರು. ಇಂಥವರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದು ಈ ನಾಡಿನ ಮಠಗಳು ಮಾಡಿದ ದೊಡ್ಡ ಕೆಲಸ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ನಡೆದುಬಂದಿರುವ ದಾಸೋಹವನ್ನು ನಾವೆಲ್ಲ ಬಲ್ಲೆವು.

ಆ ಸಾಲಿನಲ್ಲಿ ಇನ್ನೊಂದು ಬಗೆಯ ಪಾಲಕರೂ ಇರುತ್ತಾರೆ. ಅವರ ಮಾತು ಬೇರೆ. "ಅಜ್ಜಾರ, ಇವಾ ನಮ್ಮ ಮಾತು ಕೇಳಂಗಿಲ್ರಿ. ಸಾಲಿಗೆ ಹೋಗಂಗಿಲ್ಲ, ಮನಿಯಾಗಿನ ರೊಕ್ಕಾ ಕದಿತಾನ, ಎದುರು ಮಾತಾಡ್ತಾನ. ನಿಮ್ಮ ಹಂತ್ಯಾಕ ಬಿಟ್ಟು ಹೊಂಟೀವ್ರಿ. ಹೊಡೀರಿ, ಬಡೀರಿ, ಒಟ್ಟ ಮನುಷ್ಯಾನ್ನ ಮಾಡ್ರಿ." ಈ ಮಾತು ನಡೆಯುವಾಗ ಮಗು ಪಕ್ಕದಲ್ಲೇ ನೆಲ ನೋಡುತ್ತ ನಿಂತಿರುತ್ತದೆ. ಹೆತ್ತವರು ತನ್ನ ಬಗ್ಗೆ ಹೇಳಿದ ಒಂದೊಂದು ಮಾತನ್ನೂ ಕೇಳಿಸಿಕೊಂಡಿರುತ್ತದೆ.

ಮಠದ ಮೇಲಿನ ಈ ನಂಬಿಕೆಗೆ ಬೆಲೆ ಇದೆ. ಆದರೆ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಈ ಮಗುವಿನ ನಡತೆ ಕೆಟ್ಟದ್ದು ಎಲ್ಲಿ? ಮನೆಯಲ್ಲೋ, ಓಣಿಯಲ್ಲೋ ಕೆಟ್ಟಿದ್ದರೆ, ಮನೆ ಮತ್ತು ಓಣಿ ಇದ್ದಂತೆಯೇ ಇದ್ದು ಮಗುವನ್ನು ಮಾತ್ರ ನೂರು ಮೈಲಿ ಆಚೆ ಕಳಿಸಿದರೆ ಏನು ಸರಿಹೋದೀತು? ದಸರೆ ರಜೆಗೆ, ಬೇಸಿಗೆ ರಜೆಗೆ ಅದು ಮರಳಿ ಹೋಗುವುದು ಅದೇ ಮನೆಗೆ, ಅದೇ ಓಣಿಗೆ.

ಹಣೆಬರಹ, ರಕ್ತ, ಕೇರಿ

ಮಗುವೊಂದು ಹಾದಿ ತಪ್ಪಿದಾಗ ನಮ್ಮ ಜನ ಮೂರು ಸಿದ್ಧ ಉತ್ತರಗಳನ್ನು ಇಟ್ಟುಕೊಂಡಿದ್ದಾರೆ. ಒಂದು, ಅದರ ಹಣೆಬರಹ. ಎರಡು, ಅವರ ವಂಶದ ರಕ್ತವೇ ಹಾಗೆ. ಮೂರು, ಆ ಕೇರಿಯ ಮಕ್ಕಳೆಲ್ಲ ಹೀಗೆಯೇ. ಮೊದಲ ಉತ್ತರ ಹಿಡಿದವರು ಜಾತಕ ತೋರಿಸಲು, ತಾಯಿತ ಕಟ್ಟಿಸಲು ಹೋಗುತ್ತಾರೆ. ಉಳಿದ ಎರಡನ್ನು ಹಿಡಿದವರು ಮಗುವನ್ನು ದೂರ ಇಟ್ಟು ಕೈತೊಳೆದುಕೊಳ್ಳುತ್ತಾರೆ.

ಬಸವಾದಿ ಶರಣರನ್ನು ಒಪ್ಪಿದವರು ಈ ಮೂರನ್ನೂ ಒಪ್ಪಲಾರರು. ಮನುಷ್ಯನನ್ನು ಹುಟ್ಟಿನಿಂದ ಅಳೆಯಬಾರದು ಎಂಬುದಕ್ಕಾಗಿಯೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರು ಅಷ್ಟೆಲ್ಲ ಕಷ್ಟ ಎದುರಿಸಿದರು. ದೊಡ್ಡವರ ವಿಷಯದಲ್ಲಿ ಈ ತತ್ವವನ್ನು ಭಾಷಣದಲ್ಲಿ ಒಪ್ಪಿ, ಹತ್ತು ವರ್ಷದ ಮಗುವಿನ ವಿಷಯ ಬಂದಾಗ "ಅವನ ಜಾತಿಯೇ ಅಂಥದ್ದು" ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಶಾಲೆಯಲ್ಲಿ ಪೆನ್ನು ಕಳೆದರೆ ಮೊದಲು ಯಾರ ಚೀಲ ತಪಾಸಣೆಯಾಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ದಿನವೂ ಕಳ್ಳನೆಂಬ ನೋಟವನ್ನೇ ಎದುರಿಸುವ ಮಗು ಒಂದು ದಿನ ಆ ಹೆಸರನ್ನೇ ತನ್ನದಾಗಿಸಿಕೊಂಡರೆ ಅದು ರಕ್ತದ ಗುಣವಲ್ಲ, ನಮ್ಮ ನೋಟದ ಫಲ.

ಕೇರಿಯ ಮಾತಿಗೆ ನಮ್ಮ ರಾಜ್ಯದಲ್ಲೇ ಉತ್ತರ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರ ನೇತೃತ್ವದಲ್ಲಿ ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಗ್ರಾಮೀಣ ಭಾಗಗಳಲ್ಲಿ 16 ವರ್ಷದೊಳಗಿನ 2,064 ಮಕ್ಕಳ ಅಧ್ಯಯನ ನಡೆಯಿತು. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. 4ರಿಂದ 16 ವಯಸ್ಸಿನವರಲ್ಲಿ ನೂರಕ್ಕೆ 12 ಮಕ್ಕಳಿಗೆ ಮನಸ್ಸಿಗೆ ಅಥವಾ ನಡವಳಿಕೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು: ಹಾಸಿಗೆ ಒದ್ದೆ ಮಾಡುವುದು, ಅತಿಯಾದ ಹೆದರಿಕೆ, ಒಂದೆಡೆ ಕೂರಲಾಗದ ಚಡಪಡಿಕೆ, ಉಗ್ಗು, ಮಿತಿಮೀರಿದ ಹಟ. ಕೊಳೆಗೇರಿ, ಬಡಾವಣೆ, ಹಳ್ಳಿ ಎಂಬ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆಡೆ. ಪೆಟ್ಟು ತಿನ್ನುವ ಮಕ್ಕಳಲ್ಲಿ ಮತ್ತು ತಂದೆಗೋ ತಾಯಿಗೋ ಮಾನಸಿಕ ಕಾಯಿಲೆ ಇದ್ದ ಮನೆಯ ಮಕ್ಕಳಲ್ಲಿ ತೊಂದರೆ ಹೆಚ್ಚಿತ್ತು.

ಅಂದರೆ ಮಗು ಯಾವ ಕೇರಿಯದು ಎಂದು ಕೇಳುವ ಬದಲು, ಅದರ ಮನೆಯ ಬಾಗಿಲು ಹಾಕಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂದು ಕೇಳಬೇಕು. ಆ ಅಧ್ಯಯನದ ಇನ್ನೊಂದು ಅಂಶವೂ ಯೋಚಿಸುವಂಥದ್ದು. ತಮ್ಮ ಮಗುವಿಗೆ ತೊಂದರೆ ಇದೆ ಎಂದು ಗುರುತಿಸಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ.

ಪೆಟ್ಟು ಕಲಿಸುವ ಪಾಠ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಮ್ಮವರು ಬೆತ್ತ ಹಿಡಿದುಕೊಂಡೇ ಹೇಳುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವ ರೈತ ಆಸರೆಗೆ ಕೋಲು ನೆಟ್ಟು ಮೆತ್ತಗೆ ದಾರ ಕಟ್ಟುತ್ತಾನೆಯೇ ಹೊರತು ಆ ಕೋಲಿನಿಂದ ಗಿಡಕ್ಕೆ ಬಾರಿಸುವುದಿಲ್ಲ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಮಕ್ಕಳ ಬಗ್ಗೆ ಒಂದು ವರದಿ ಹೊರತಂದಿತು. ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಹಿಂಸೆಗೆ ಒಳಗಾದವರಲ್ಲಿ ನೂರಕ್ಕೆ 88.6 ಮಕ್ಕಳಿಗೆ ಪೆಟ್ಟು ಬಿದ್ದದ್ದು ಹೆತ್ತವರ ಕೈಯಿಂದಲೇ. ಅಪರಿಚಿತರಿಗೆ ಹೆದರಿ ಮಕ್ಕಳನ್ನು ಹೊರಗೆ ಬಿಡದ ನಾವು ಈ ಅಂಕಿಯನ್ನು ಒಮ್ಮೆ ಎದುರಿಟ್ಟುಕೊಂಡು ನೋಡಬೇಕು.

ಪೆಟ್ಟು ತಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗುತ್ತದೆ. ಅದನ್ನೇ ನಾವು ಸುಧಾರಣೆ ಎಂದು ತಿಳಿಯುತ್ತೇವೆ. ಮಗು ಕಲಿತದ್ದು ಬೇರೆಯೇ: ಬಲ ಇದ್ದವನು ಹೊಡೆಯಬಹುದು, ಬಲ ಇಲ್ಲದವನು ಸಿಕ್ಕಿಬೀಳದಂತೆ ಸುಳ್ಳು ಹೇಳಬೇಕು. ನಾಳೆ ಅದು ಶಾಲೆಯಲ್ಲಿ ತನಗಿಂತ ಚಿಕ್ಕವನ ಮೇಲೆ ಕೈಮಾಡುತ್ತದೆ. ಆಗ ಮೇಷ್ಟ್ರಿಂದ ದೂರು ಬರುತ್ತದೆ. ದೂರು ಕೇಳಿದ ಅಪ್ಪ ಮತ್ತೆ ಹೊಡೆಯುತ್ತಾನೆ. ಈ ಸುತ್ತು ಎಲ್ಲಿ ಶುರುವಾಯಿತು ಎಂಬುದೇ ಕೊನೆಗೆ ಮರೆತುಹೋಗಿ, ಮಗುವಿನ ಹೆಸರಿನ ಮುಂದೆ "ಕೆಟ್ಟದ್ದು" ಎಂಬ ಮಾತು ಮಾತ್ರ ಉಳಿಯುತ್ತದೆ.

ಪೆಟ್ಟಿನ ಹಿಂದೆ ಅನೇಕ ಮನೆಗಳಲ್ಲಿ ಕುಡಿತ ಇರುತ್ತದೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪಾಕೀಟಿನ ಜಾಗಕ್ಕೆ ಬಾಟಲಿ ಬಂತು, ಕಿರಾಣಿ ಅಂಗಡಿಗಳಲ್ಲೂ ಕದ್ದುಮುಚ್ಚಿ ಮಾರಾಟವಾಯಿತು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಬಡ ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದದ್ದು ಇದೇ ಸಂಕಟದಿಂದ. ಸಂಜೆ ಏಳು ಗಂಟೆಗೆ ಅಪ್ಪ ಯಾವ ಸ್ಥಿತಿಯಲ್ಲಿ ಬರುತ್ತಾನೋ ಎಂದು ಬಾಗಿಲ ಸಪ್ಪಳಕ್ಕೆ ಕಿವಿಗೊಟ್ಟು ಕೂತ ಮಗುವಿಗೆ ಗಣಿತ ತಲೆಗೆ ಹೋಗುವುದಿಲ್ಲ. ಅದು ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ, ಅಥವಾ ಯಾರಾದರೂ ಮೈ ಮುಟ್ಟಿದರೆ ಸಿಡಿದೇಳುತ್ತದೆ.

ಉಳ್ಳವರ ಮನೆಯೂ ಹೊರತಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯುತ್ತ, ಒಂದೇ ಅಂಗಳದ ಎರಡು ಮನೆಗಳ ನಡುವೆ ಮಾತು ನಿಂತಿರುತ್ತದೆ. ನಿನ್ನೆಯವರೆಗೆ ಜೊತೆಗೆ ಆಡಿದ ದೊಡ್ಡಪ್ಪನ ಮಗನ ಜೊತೆ ಇಂದಿನಿಂದ ಮಾತಾಡಬೇಡ ಎಂದು ಮಗುವಿಗೆ ಅಪ್ಪಣೆಯಾಗುತ್ತದೆ. ಇನ್ನೊಂದು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕಕ್ಕಾಗಿ ಬೆಳಗಿನ ಟ್ಯೂಷನ್, ಸಂಜೆಯ ಟ್ಯೂಷನ್. ಊಟದ ಹೊತ್ತಿಗೆ ತಂದೆ, ತಾಯಿ, ಮಗು ಮೂವರ ಕೈಯಲ್ಲೂ ಮೂರು ಮೊಬೈಲು. ಇಲ್ಲಿ ಬೆತ್ತ ಇಲ್ಲದಿರಬಹುದು. ಆದರೆ ಪಕ್ಕದ ಮನೆಯ ಮಗುವಿನೊಡನೆ ದಿನವೂ ನಡೆಯುವ ಹೋಲಿಕೆಯ ಪೆಟ್ಟು ಕಡಿಮೆಯದಲ್ಲ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಮಕ್ಕಳ ತೊಂದರೆಗಳೆಲ್ಲ ಮನೆಯ ತಪ್ಪಿನಿಂದಲೇ ಬರುವುದಿಲ್ಲ. ಕಲಿಕೆಯ ತೊಂದರೆ, ಗಮನ ನಿಲ್ಲದ ತೊಂದರೆ ಇರುವ ಮಗು ಎಷ್ಟೇ ಒಳ್ಳೆಯ ಮನೆಯಲ್ಲೂ ಹುಟ್ಟಬಹುದು. ಅದಕ್ಕೆ ಬೇಕಾದದ್ದು ವೈದ್ಯರು, ತಿಳಿದ ಶಿಕ್ಷಕರು. ಮನೆಯ ಮಾತು ಬಂದ ಕೂಡಲೇ ತಾಯಿಯೊಬ್ಬಳನ್ನೇ ಕಟಕಟೆಗೆ ಏರಿಸುವುದೂ ನಮ್ಮ ಹಳೆಯ ಚಾಳಿ. ಹೊಲದ ಕೂಲಿ, ನೀರು, ಅಡುಗೆ, ಅತ್ತೆಯ ಮಾತು, ಗಂಡನ ಏಟು ಎಲ್ಲವನ್ನೂ ಹೊತ್ತ ಹೆಣ್ಣುಮಗಳಿಗೆ "ಮಗನ್ನ ನೆಟ್ಟಗೆ ಬೆಳೆಸಲಿಲ್ಲ" ಎನ್ನುವ ಮುನ್ನ, ಆ ಮನೆಯ ಗಂಡಸು ಆ ಮಗುವಿನೊಂದಿಗೆ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತಾನೆ ಎಂದು ಕೇಳಬೇಕು.

ಸಮಯ ಎಂಬ ಬಡತನ

ಬಡತನವೇ ಮಕ್ಕಳನ್ನು ಕೆಡಿಸುತ್ತದೆಯೇ? ಇದಕ್ಕೆ ಬೆಳಕು ಚೆಲ್ಲುವ ಒಂದು ಅಧ್ಯಯನ ದೂರದ ಅಮೆರಿಕದಿಂದ ಬಂದಿದೆ. ಉತ್ತರ ಕೆರೊಲಿನಾ ರಾಜ್ಯದಲ್ಲಿ ಸಂಶೋಧಕರು 1,420 ಮಕ್ಕಳ ನಡವಳಿಕೆಯನ್ನು ವರ್ಷ ವರ್ಷವೂ ಗಮನಿಸುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಅಲ್ಲಿನ ಮೂಲನಿವಾಸಿ ಚೆರೋಕಿ ಜನರ ಮಕ್ಕಳು. 1996ರಲ್ಲಿ ಆ ಬುಡಕಟ್ಟಿನ ನೆಲದಲ್ಲಿ ಒಂದು ಕ್ಯಾಸಿನೊ ತೆರೆಯಿತು. ಅದರ ಲಾಭದ ಪಾಲು ಬುಡಕಟ್ಟಿನ ಪ್ರತಿ ಕುಟುಂಬಕ್ಕೂ ಹೋಗತೊಡಗಿತು. ಜೂಜಿನ ಹಣವನ್ನು ನಾವು ಮೆಚ್ಚಬೇಕಿಲ್ಲ. ಆದರೆ ಆ ಹಣ ಬಂದ ಮೇಲೆ ಏನಾಯಿತು ಎಂಬುದರಲ್ಲಿ ಪಾಠವಿದೆ.

ಬಡತನದಿಂದ ಮೇಲೆ ಬಂದ ಕುಟುಂಬಗಳ ಮಕ್ಕಳಲ್ಲಿ ಹಟ, ಎದುರುಬೀಳುವಿಕೆ, ಪುಂಡಾಟಗಳು ಇಳಿದವು. ಎಂದೂ ಬಡವರಾಗಿರದ ಮನೆಗಳ ಮಕ್ಕಳ ಮಟ್ಟಕ್ಕೇ ಬಂದವು. ಆತಂಕ, ಖಿನ್ನತೆಗಳಲ್ಲಿ ಮಾತ್ರ ಅಂಥ ಬದಲಾವಣೆ ಕಾಣಲಿಲ್ಲ. ನಡತೆ ಸುಧಾರಿಸಲು ಕಾರಣವೇನೆಂದು ಸಂಶೋಧಕರು ಹುಡುಕಿದಾಗ ಸಿಕ್ಕ ಉತ್ತರ ಸರಳವಾಗಿತ್ತು: ಹೆತ್ತವರಿಗೆ ಮಕ್ಕಳ ಮೇಲೆ ನಿಗಾ ಇಡಲು ಸಮಯ ಸಿಕ್ಕಿತ್ತು. ಮಗು ಎಲ್ಲಿದೆ, ಯಾರೊಂದಿಗಿದೆ, ಊಟ ಮಾಡಿತೇ ಎಂದು ನೋಡುವ ಪುರುಸೊತ್ತು ಮನೆಯೊಳಗೆ ಬಂದಿತ್ತು.

ಇದನ್ನು ನಮ್ಮ ಗುಳೆ ಹೋಗುವ ಕುಟುಂಬಗಳಿಗೆ ಹೋಲಿಸಿ ನೋಡಿ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದರೆ ಗಡಿಭಾಗದ ಹಳ್ಳಿ, ತಾಂಡಾಗಳಿಂದ ಗಂಡಹೆಂಡಿರು ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ಮರಳುವುದು ಯುಗಾದಿಯ ಹೊತ್ತಿಗೆ. ಇನ್ನು ಕೆಲವರು ಕಟ್ಟಡ ಕೆಲಸಕ್ಕೆ ಪುಣೆ, ಮುಂಬಯಿ, ಗೋವಾ, ಬೆಂಗಳೂರು ಸೇರುತ್ತಾರೆ. ಮಕ್ಕಳು ಕಣ್ಣು ಮಂಜಾದ ಅಜ್ಜಿಯ ಬಳಿ ಉಳಿಯುತ್ತವೆ, ಇಲ್ಲವೆ ಶಾಲೆ ಬಿಟ್ಟು ತಂದೆತಾಯಿಯ ಜೊತೆ ಗುಡಿಸಲಿಗೆ ಹೋಗುತ್ತವೆ. ಹತ್ತು ವರ್ಷದ ಹುಡುಗಿ ತಮ್ಮನಿಗೆ ತಾಯಿಯಾಗುತ್ತಾಳೆ. ಹದಿಮೂರರ ಹುಡುಗನಿಗೆ ರಾತ್ರಿ ಎಷ್ಟೊತ್ತಿಗೆ ಮನೆಗೆ ಬಂದೆ ಎಂದು ಕೇಳುವವರು ಇರುವುದಿಲ್ಲ. ಹೆತ್ತವರಿಗೆ ಪ್ರೀತಿ ಇಲ್ಲವೆಂದಲ್ಲ. ಮುಂಗಡ ಪಡೆದ ಹಣ ತೀರಿಸಬೇಕಾದವರಿಗೆ ಪ್ರೀತಿ ತೋರಿಸುವ ಹೊತ್ತಿಲ್ಲ.

ಆದ್ದರಿಂದ ಕಾಯಕದ ಮಾತಾಡುವ ನಾವು ಅದರ ಇನ್ನೊಂದು ಮುಖವನ್ನೂ ನೋಡಬೇಕು. ದುಡಿಮೆಗೆ ತಕ್ಕ ಕೂಲಿ, ಊರಿನಲ್ಲೇ ಕೆಲಸ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕಂದಮ್ಮಗಳಿಗೆ ಪಂಚಾಯಿತಿಯ ಕೂಸಿನ ಮನೆ ಇವೆಲ್ಲ ಮಕ್ಕಳ ನಡತೆಯ ಪ್ರಶ್ನೆಗಳೂ ಹೌದು. ತಾಯಿಯೊಬ್ಬಳಿಗೆ ಸಂಜೆ ಒಂದು ಗಂಟೆ ಬಿಡುವು ಕೊಡಿಸುವುದು ಮಗುವಿಗೆ ಹತ್ತು ನೀತಿಬೋಧೆ ಕೇಳಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಓಣಿಯ ಕಣ್ಣು

ಮನೆಯಿಂದ ಹೊರಗೆ ಕಾಲಿಟ್ಟರೆ ಓಣಿ. ಅಮೆರಿಕದ ಷಿಕಾಗೊ ನಗರದ 343 ನೆರೆಹೊರೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಮಾತಾಡಿಸಿದ ಒಂದು ಪ್ರಸಿದ್ಧ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅವರು ಕೇಳಿದ ಪ್ರಶ್ನೆಗಳು ನಮ್ಮ ಹಳ್ಳಿಯವರಿಗೂ ಅರ್ಥವಾಗುವಂಥವು. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಕೇಳುತ್ತಾರೆಯೇ? ಮಗುವೊಂದು ಹಿರಿಯರಿಗೆ ಅಗೌರವ ತೋರಿದರೆ ತಿದ್ದುತ್ತಾರೆಯೇ? ಒಬ್ಬರನ್ನೊಬ್ಬರು ನಂಬುತ್ತೀರಾ? ಹೌದು ಎಂಬ ಉತ್ತರ ಹೆಚ್ಚು ಬಂದ ಕಡೆ ಹಿಂಸಾಚಾರ ಕಡಿಮೆ ಇತ್ತು. ಬಡತನದ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದು ನೋಡಿದರೂ ಇದು ನಿಜವಾಗಿತ್ತು.

ನಮ್ಮಲ್ಲಿ ಓಣಿಗೆ ಕಣ್ಣುಗಳೇನೋ ಇವೆ. ಅವು ನೋಡುವುದು ಏನನ್ನು? ಹೈಸ್ಕೂಲಿನ ಹುಡುಗಿ ಯಾರ ಜೊತೆ ಮಾತಾಡಿದಳು ಎಂಬುದನ್ನು ಅರ್ಧ ಗಂಟೆಯಲ್ಲಿ ಮನೆಗೆ ಮುಟ್ಟಿಸುತ್ತವೆ. ಹನ್ನೆರಡರ ಹುಡುಗ ಪಾನ್ ಅಂಗಡಿಯಲ್ಲಿ ಗುಟಕಾ ಕೊಳ್ಳುವುದನ್ನು ನೋಡಿಯೂ ನೋಡದಂತಿರುತ್ತವೆ. ಪಕ್ಕದ ಮನೆಯಲ್ಲಿ ಮಗು ಅಳುವುದು ಕೇಳಿದರೆ "ಅವರ ಮನೆಯ ವಿಷಯ" ಎಂದು ಟಿವಿಯ ಸದ್ದು ಏರಿಸುತ್ತೇವೆ. ನಮ್ಮ ಓಣಿಯ ಕಾಳಜಿಗೂ ಜಾತಿಯ ಗಡಿ ಇದೆ. ನಮ್ಮವರ ಮಗುವನ್ನು ಕರೆದು ಬುದ್ಧಿ ಹೇಳುತ್ತೇವೆ, ಅವರ ಮಗುವನ್ನು ಗದರಿಸಿ ಓಡಿಸುತ್ತೇವೆ. ಹಿಂದಿನ ಕಾಲದಲ್ಲಿ ಊರೆಲ್ಲ ಒಂದೇ ಮನೆಯಾಗಿತ್ತು ಎನ್ನುವವರು ಈ ಗಡಿಯನ್ನು ಮರೆತು ಮಾತಾಡುತ್ತಾರೆ.

ಗಲಾಟೆ ಮಾಡುವ ಹುಡುಗನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ, ಊಟ ಬಿಟ್ಟ, ಶಾಲೆಗೆ ಹೋಗಲಾರೆ ಎನ್ನುವ ಹುಡುಗಿಯ ಮೇಲೆ ಬೀಳುವುದಿಲ್ಲ. ಅವಳನ್ನು "ಬಲು ಶಾಂತ ಹುಡುಗಿ" ಎಂದು ಹೊಗಳಿ, ಬೇಗ ಮದುವೆ ಮಾಡುವ ಯೋಚನೆ ನಡೆಸುತ್ತೇವೆ. ನಡತೆಯ ತೊಂದರೆ ಎಂದರೆ ನಮಗೆ ತೊಂದರೆ ಕೊಡುವ ನಡತೆ ಮಾತ್ರ ಎಂದು ತಿಳಿದಿರುವುದರ ಫಲ ಇದು.

ಮಠ ಮಾಡಬೇಕಾದದ್ದು

ಹಾಗಾದರೆ ಮಠಗಳು ಇಂಥ ಮಕ್ಕಳನ್ನು ಸೇರಿಸಿಕೊಳ್ಳಬಾರದೇ? ಸೇರಿಸಿಕೊಳ್ಳಬೇಕು. ಆದರೆ ಮಗುವಿನ ಜೊತೆ ಮನೆಯನ್ನೂ ಸೇರಿಸಿಕೊಳ್ಳಬೇಕು. ಪ್ರವೇಶದ ಅರ್ಜಿಯಲ್ಲಿ ಅಂಕ ಮತ್ತು ಜಾತಿ ಪ್ರಮಾಣಪತ್ರ ಕೇಳುವಂತೆ, ಮನೆಯ ಪರಿಸ್ಥಿತಿಯನ್ನು ಮೆಲ್ಲಗೆ, ಮಗುವಿನ ಎದುರಲ್ಲದೆ, ಕೇಳಿ ತಿಳಿಯುವ ಒಬ್ಬರು ಇರಬೇಕು. ತಿಂಗಳಿಗೊಮ್ಮೆಯಾದರೂ ತಂದೆತಾಯಿ ಬಂದು ಮಗುವಿನೊಂದಿಗೆ ಪ್ರಸಾದಕ್ಕೆ ಕೂರಬೇಕೆಂಬ ನಿಯಮ ಇರಬೇಕು. ಬಸ್ಸಿನ ದುಡ್ಡಿಲ್ಲದವರಿಗೆ ಆ ದುಡ್ಡನ್ನು ಕೊಡುವುದೂ ದಾಸೋಹವೇ.

ಎರಡನೆಯದಾಗಿ, "ಹೊಡೀರಿ, ಬಡೀರಿ" ಎಂಬ ಅನುಮತಿಯನ್ನು ಮಠ ಸ್ವೀಕರಿಸಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಜೈಲು ಶಿಕ್ಷೆ ಇದೆ. ಕಾಯ್ದೆ ಇಲ್ಲದಿದ್ದರೂ, ದಯೆಯನ್ನು ಧರ್ಮವೆಂದು ನಂಬಿದವರ ಅಂಗಳದಲ್ಲಿ ಬೆತ್ತಕ್ಕೆ ಜಾಗ ಇರಬಾರದು.

ಮೂರನೆಯದು ಹೇಳಲು ಕಷ್ಟವಾದರೂ ಹೇಳಬೇಕಾದದ್ದು. ಮಗು ಮನೆ ಬಿಟ್ಟು ಬಂದ ಮೇಲೆ ಮಠವೇ ಅದರ ಮನೆ, ವಸತಿ ನಿಲಯವೇ ಅದರ ಓಣಿ. ಮನೆ, ಓಣಿಗಳನ್ನು ಪರೀಕ್ಷಿಸಿದ ಅದೇ ಒರೆಗಲ್ಲಿಗೆ ಮಠವೂ ಒಡ್ಡಿಕೊಳ್ಳಬೇಕು. ನೂರು ಮಕ್ಕಳಿಗೆ ಒಬ್ಬ ವಾರ್ಡನ್ ಇದ್ದರೆ ಅಲ್ಲಿಯೂ ನಿಗಾ ಇಡುವವರಿಲ್ಲ ಎಂದೇ ಅರ್ಥ. ದೊಡ್ಡ ಹುಡುಗರು ಚಿಕ್ಕವರಿಂದ ಬಟ್ಟೆ ಒಗೆಸುವುದು, ಹೆದರಿಸುವುದು ನಡೆಯದಂತೆ ನೋಡುವವರು ಯಾರು? ಮಗು ತನ್ನ ದೂರನ್ನು ಯಾರಿಗೆ ಹೇಳಬೇಕು? ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಪ್ರಸಾದ ನಿಲಯದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲು ಹಿಂಜರಿಯುವ ಮಠ ಯಾವುದೂ ಇರಬಾರದು. ಹೊರಗಿನ ಹೆಣ್ಣುಮಕ್ಕಳು, ಪಾಲಕರು, ವೈದ್ಯರು ಇರುವ ಸಮಿತಿಯೊಂದು ಬಂದು ಮಕ್ಕಳೊಂದಿಗೆ ಪ್ರತ್ಯೇಕವಾಗಿ ಮಾತಾಡಲಿ. ಕಾವಿಯ ಮೇಲಿನ ಗೌರವ ಮಗುವಿನ ಬಾಯಿ ಮುಚ್ಚಿಸುವ ಕೈಯಾಗಬಾರದು.

ನಾಲ್ಕನೆಯದು, ಊರಿನ ಕೆಲಸ. ನಮ್ಮ ಮಠಗಳಲ್ಲಿ ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುತ್ತದೆ. ವರ್ಷದಲ್ಲಿ ಎರಡು ಗೋಷ್ಠಿಗಳನ್ನಾದರೂ ಈ ವಿಷಯಕ್ಕೆ ಮೀಸಲಿಡೋಣ. ಉಪನ್ಯಾಸ ಬೇಡ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪ್ರಾಥಮಿಕ ಶಾಲೆಯ ಶಿಕ್ಷಕಿ ಮಾತಾಡಲಿ, ಗಂಡಸರು ಕೂತು ಕೇಳಲಿ. ಮನಸ್ಸಿನ ಕಾಯಿಲೆ ಇರುವ ತಂದೆತಾಯಿಗೆ ಚಿಕಿತ್ಸೆ ಕೊಡಿಸುವುದು ಮಗುವನ್ನು ಉಳಿಸುವ ದಾರಿಗಳಲ್ಲಿ ಒಂದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇರುವುದು ಇದಕ್ಕಾಗಿ. ದೇಶಕ್ಕೆ ಅದರ ಮಾದರಿ ಕೊಟ್ಟದ್ದು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಸಂಜೆ ಅದರ ಬಾಗಿಲು ತೆರೆದಿದೆಯೇ, ಎಲ್ಲ ಕೇರಿಯ ಮಕ್ಕಳೂ ಒಳಗೆ ಬರುತ್ತಾರೆಯೇ ಎಂದು ನೋಡೋಣ. ಮಕ್ಕಳ ಗ್ರಾಮಸಭೆ ನಡೆಯುವ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಅವು ತಮ್ಮ ಓಣಿಯ ಬಗ್ಗೆ ಏನು ಹೇಳುತ್ತವೆ ಎಂದು ಕೇಳೋಣ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಣಿಕೆಯನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಒಬ್ಬ ಜಂಗಮ ಮನೆಯ ಹೊಸ್ತಿಲಿಗೆ ಬಂದು ನಿಂತು, ಒಳಗಿನ ದುಃಖದ ಕಾರಣವನ್ನೇ ಭಿಕ್ಷೆಯಾಗಿ ಕೇಳಿದ ಆ ಮಾದರಿ ನಮ್ಮ ಕಣ್ಣೆದುರಿಗೇ ಇದೆ. ಆ ಜೋಳಿಗೆಗೆ ಇನ್ನು ಮುಂದೆ ಎರಡನ್ನು ಸೇರಿಸಿ ಬೇಡಬಹುದು: ಮಗುವಿನ ಮೇಲೆ ಎತ್ತುವ ಬೆತ್ತ, ಮತ್ತು ದಿನಕ್ಕೆ ಅರ್ಧ ಗಂಟೆಯ ಸಮಯ. ಮೊದಲನೆಯದನ್ನು ಜೋಳಿಗೆ ಇಟ್ಟುಕೊಳ್ಳಲಿ. ಎರಡನೆಯದನ್ನು ಅಲ್ಲೇ, ಆ ಮನೆಯ ಮಗುವಿನ ಕೈಗೆ ಕೊಟ್ಟು ಬರಲಿ.

ಮಗುವನ್ನು ಮಠಕ್ಕೆ ಕಳಿಸುವ ಮುನ್ನ ಮಠವೇ ಒಮ್ಮೆ ಆ ಮನೆಗೆ, ಆ ಓಣಿಗೆ ಹೋಗಿ ಬರಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳಿಗೆ ಊರು ಬಿಡುವ ಅಗತ್ಯವೇ ಬೀಳಲಿಕ್ಕಿಲ್ಲ.